ಆಟದ ನಿಯಮ ಯಾರದು?

ನಿಯಮವಿಲ್ಲದೆ ಆಟವಿಲ್ಲ. ಆದರೆ ಆ ನಿಯಮವನ್ನು ಬದಲಿಸುವ ಅಧಿಕಾರ ಯಾರಿಗಿದೆ, ಬದಲಾದ ನಿಯಮವನ್ನು ಆಡುವವರು ಒಪ್ಪಲೇಬೇಕೇ ಎಂಬ ಪ್ರಶ್ನೆಗಳು ಸಾಮಾನ್ಯವಾಗಿ ನಮ್ಮ ಮನಸ್ಸಿಗೆ ಬರುವುದಿಲ್ಲ. ಚೌಕಾಬಾರಕ್ಕೆ ಮನೆಗೊಂದು ಕ್ರಮ. ಎದುರಾಳಿಯ ಕಾಯನ್ನು ಹೊಡೆದ ಮೇಲೆಯೇ ಒಳಮನೆಗೆ ಹೋಗಬೇಕೆಂದು ಕೆಲವರು, ಹಾಗೇನೂ ಇಲ್ಲವೆಂದು ಕೆಲವರು. ಆಡುವ ಮುನ್ನ ಮಾತಾಡಿಕೊಂಡರೆ ಮುಗಿಯಿತು. ಕ್ರಿಕೆಟ್ಟಿನ ಮಾತು ಬೇರೆ. ಲಂಡನ್ನಿನ ಎಂ.ಸಿ.ಸಿ. ಸಂಸ್ಥೆ ಅದರ ನಿಯಮಗಳನ್ನು ತಿದ್ದಿದರೆ ಲೋಕದ ಪಂದ್ಯಗಳೆಲ್ಲ ಅದನ್ನು ಅನುಸರಿಸುತ್ತವೆ. ಈ ಎರಡು ರೀತಿಗಳ ನಡುವೆ ನಿಂತ ಒಂದು ಆಟ ಅಮೆರಿಕದಲ್ಲಿ ಹುಟ್ಟಿ ಬೆಳೆದಿದೆ. ಅದರ ನಿಯಮಗ್ರಂಥವನ್ನು ಒಂದು ಸಂಸ್ಥೆ ಅಚ್ಚು ಹಾಕಿಸಿ ಮಾರುತ್ತದೆ. ಕೆಲವು ವರ್ಷಗಳಿಗೊಮ್ಮೆ ಹೊಸ ಆವೃತ್ತಿಯನ್ನು ತರುತ್ತದೆ. ಆಗೆಲ್ಲ ಆಡುವವರು ‘ನಾವು ಇದನ್ನು ಒಪ್ಪೋಣವೇ?’ ಎಂದು ತಮ್ಮತಮ್ಮಲ್ಲೇ ತೀರ್ಮಾನಿಸಬೇಕಾಗುತ್ತದೆ. ರಾಜ್ಯಶಾಸ್ತ್ರ, ಅರ್ಥಶಾಸ್ತ್ರಗಳನ್ನು ಓದುತ್ತಿರುವ ನನಗೆ ಈ ತೀರ್ಮಾನವು ಆಟಕ್ಕಿಂತ ಹೆಚ್ಚಿನ ವಿಷಯವಾಗಿ ಕಂಡಿತು. ಅದನ್ನೇ ಇಲ್ಲಿ ಪರಿಶೀಲಿಸಲು ಯತ್ನಿಸಿದ್ದೇನೆ.

ಆಟದ ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ನಾಲ್ಕೈದು ಜನ ಮೇಜಿನ ಸುತ್ತ ಕುಳಿತು, ತಲೆಗೊಂದು ಪಾತ್ರ ವಹಿಸಿ, ಮಾತಿನಲ್ಲಿಯೇ ಕಥೆ ನಡೆಸುವ ಆಟ ಇದು. ನಮ್ಮ ತಾಳಮದ್ದಳೆಯನ್ನು ಕಂಡವರಿಗೆ ಇದರ ಸ್ವರೂಪ ಬೇಗ ಅರ್ಥವಾದೀತು. ಅಲ್ಲಿ ಅರ್ಥಧಾರಿಗಳು ವೇಷವಿಲ್ಲದೆ ಕುಳಿತು, ತಾವು ಕೃಷ್ಣನೋ ಕರ್ಣನೋ ಆಗಿ ಆಶುವಾಗಿ ಮಾತಾಡುತ್ತಾರೆ. ಆದರೆ ತಾಳಮದ್ದಳೆಯಲ್ಲಿ ಪ್ರಸಂಗದ ಮುಕ್ತಾಯ ಎಲ್ಲರಿಗೂ ಗೊತ್ತಿರುವಂಥದು. ಇಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಒಬ್ಬ ಸೂತ್ರಧಾರನು ಸನ್ನಿವೇಶವನ್ನು ವರ್ಣಿಸುತ್ತಾನೆ. ಉಳಿದವರು ತಮ್ಮ ಪಾತ್ರ ಏನು ಮಾಡುವುದೆಂದು ಹೇಳುತ್ತಾರೆ. ಫಲ ಸಂದೇಹಾಸ್ಪದವಾದಾಗ ಇಪ್ಪತ್ತು ಮುಖದ ದಾಳವನ್ನು ಉರುಳಿಸುತ್ತಾರೆ. ಎಷ್ಟು ಬಿದ್ದರೆ ಗೆಲುವು ಎಂಬುದನ್ನು ಹೇಳುವುದು ನಿಯಮಗ್ರಂಥ. ಒಂದೇ ಕಥೆ ವಾರಕ್ಕೊಂದು ಸಂಜೆಯಂತೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಸಾಗುವುದುಂಟು.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರೂಪಿಸಿದ ಈ ಆಟ 1974ರಲ್ಲಿ ಮೂರು ಚಿಕ್ಕ ಪುಸ್ತಿಕೆಗಳ ಒಂದು ಪೆಟ್ಟಿಗೆಯಾಗಿ ಹೊರಬಂದಿತು. ವಿಸ್ಕಾನ್ಸಿನ್ ಸಂಸ್ಥಾನದ ಲೇಕ್ ಜಿನೀವಾ ಎಂಬ ಊರಿನಿಂದ ಮೊದಲು ಅಚ್ಚಾದದ್ದು 1,000 ಪ್ರತಿಗಳು. 1977ರಿಂದ 1979ರ ವರೆಗೆ ಅದರ ವಿಸ್ತೃತ ರೂಪ ಮೂರು ದೊಡ್ಡ ಗ್ರಂಥಗಳಲ್ಲಿ ಬಂದಿತು. ಎರಡನೆಯ ಆವೃತ್ತಿ 1989ರಲ್ಲಿ. ಮೂಲ ಸಂಸ್ಥೆಯನ್ನು 1997ರಲ್ಲಿ ವಿಝರ್ಡ್ಸ್ ಆಫ್ ದಿ ಕೋಸ್ಟ್ ಎಂಬ ಸಂಸ್ಥೆಯೂ, ಅದನ್ನು 1999ರಲ್ಲಿ ಹ್ಯಾಸ್ಬ್ರೊ ಎಂಬ ಆಟಿಕೆಗಳ ದೊಡ್ಡ ಕಂಪನಿಯೂ ಕೊಂಡುಕೊಂಡವು. ಆಮೇಲೆ 2000ದಲ್ಲಿ ಮೂರನೆಯ ಆವೃತ್ತಿ, 2003ರಲ್ಲಿ ಅದರ ಪರಿಷ್ಕರಣ, 2008ರಲ್ಲಿ ನಾಲ್ಕನೆಯದು, 2014ರಲ್ಲಿ ಐದನೆಯದು, 2024ರಲ್ಲಿ ಐದನೆಯದರ ಪರಿಷ್ಕರಣ. ಐವತ್ತು ವರ್ಷಗಳಲ್ಲಿ ಆಟಗಾರರ ಮುಂದೆ ಇಷ್ಟು ಸಲ ಆ ಪ್ರಶ್ನೆ ಬಂದು ನಿಂತಿದೆ.

ಬದಲಾವಣೆಗಳೆಲ್ಲ ಒಂದೇ ಬಗೆಯವಲ್ಲ. ಕೆಲವು ಕೇವಲ ಲೆಕ್ಕದ ದಾರಿಯನ್ನು ಬದಲಿಸುತ್ತವೆ. 1989ರ ನಿಯಮದಲ್ಲಿ ಕವಚ ಬಲವಾದಷ್ಟೂ ಅದರ ಅಂಕ ಇಳಿಯುತ್ತಿತ್ತು. ಹೊಡೆಯುವವನಿಗೆ ಒಂದು ಮೂಲಾಂಕ. ಅದರಿಂದ ಎದುರಾಳಿಯ ಕವಚಾಂಕವನ್ನು ಕಳೆದರೆ ದಾಳದಲ್ಲಿ ಬೀಳಬೇಕಾದ ಕನಿಷ್ಠ ಸಂಖ್ಯೆ ದೊರೆಯುತ್ತಿತ್ತು. ಮೂಲಾಂಕ 17, ಕವಚಾಂಕ 4 ಆದರೆ 13 ಬೀಳಬೇಕು. ಕವಚಾಂಕವು ಸೊನ್ನೆಗಿಂತ ಕೆಳಗಿಳಿದು ಋಣ 3 ಆದರೆ ಕಳೆಯುವುದು ಕೂಡುವುದಾಗಿ 20 ಬೀಳಬೇಕು. ಹೊಸಬರು ತಡವರಿಸುತ್ತಿದ್ದುದು ಇಲ್ಲಿಯೇ. 2000ದ ನಿಯಮವು ಇದನ್ನು ತಲೆಕೆಳಗು ಮಾಡಿತು. ಕವಚ ಬಲವಾದಷ್ಟೂ ಅಂಕ ಏರುತ್ತದೆ; ದಾಳದಲ್ಲಿ ಬಿದ್ದುದಕ್ಕೆ ತನ್ನ ಬಲವನ್ನು ಕೂಡಿಸಿ ಆ ಅಂಕವನ್ನು ಮುಟ್ಟಿದರೆ ಪೆಟ್ಟು ತಗುಲಿತು. ಹಳೆಯ 4 ಹೊಸ 16ಕ್ಕೆ ಸಮ, ಹಳೆಯ ಮೂಲಾಂಕ 17 ಹೊಸ ಬಲ 3ಕ್ಕೆ ಸಮ. ಈಗಲೂ ಬೀಳಬೇಕಾದದ್ದು 13ೇ. ಇಪ್ಪತ್ತರಲ್ಲಿ ಎಂಟು ಮುಖಗಳು, ಅಂದರೆ ನೂರಕ್ಕೆ 40ರ ಸಂಭವ, ಎರಡರಲ್ಲಿಯೂ ಒಂದೇ. ಇಂಥ ಬದಲಾವಣೆಯನ್ನು ವಿರೋಧಿಸಲು ಅಭ್ಯಾಸವೊಂದನ್ನು ಬಿಟ್ಟರೆ ಬೇರೆ ಕಾರಣ ಕಾಣದು.

ಇನ್ನು ಕೆಲವು ಬದಲಾವಣೆಗಳು ಆಟದ ಗುಣವನ್ನೇ ಬೇರೆ ಮಾಡುತ್ತವೆ. ಅದುವರೆಗೆ ಮಂತ್ರವಾದಿಯ ಪಾತ್ರಕ್ಕೆ ದಿನಕ್ಕಿಷ್ಟು ಮಂತ್ರಗಳೆಂಬ ಮಿತಿಯಿತ್ತು, ಕತ್ತಿ ಹಿಡಿದವನು ಎಷ್ಟು ಸಲ ಬೇಕಾದರೂ ಬೀಸಬಹುದಿತ್ತು. 2008ರ ನಾಲ್ಕನೆಯ ಆವೃತ್ತಿಯು ಇಬ್ಬರಿಗೂ ಒಂದೇ ಚೌಕಟ್ಟನ್ನು ಕೊಟ್ಟಿತು: ಬೇಕೆಂದಾಗ ಬಳಸುವ ಶಕ್ತಿ, ಕಾಳಗಕ್ಕೊಮ್ಮೆ ಬಳಸುವ ಶಕ್ತಿ, ದಿನಕ್ಕೊಮ್ಮೆ ಬಳಸುವ ಶಕ್ತಿ. ಎಲ್ಲ ಪಾತ್ರಗಳಿಗೂ ಸಮಾನ ಅವಕಾಶ ದೊರೆಯಿತೆಂದು ಕೆಲವರು ಮೆಚ್ಚಿದರು. ಪಾತ್ರಗಳ ನಡುವಣ ವ್ಯತ್ಯಾಸವೇ ಅಳಿಸಿಹೋಯಿತೆಂದು ಕೆಲವರು ದೂರಿದರು. ಹಳೆಯ ಪಾತ್ರವನ್ನು ಇದಕ್ಕೆ ತರಬೇಕಾದರೆ ಬುಡದಿಂದ ಕಟ್ಟಬೇಕಾಗಿತ್ತು.

ಈ ನಿರ್ಧಾರದ ಅರ್ಥಶಾಸ್ತ್ರವನ್ನು ನೋಡೋಣ. 2024ರ ಮೂರು ಮುಖ್ಯ ಗ್ರಂಥಗಳಲ್ಲಿ ಒಂದೊಂದರ ಮುದ್ರಿತ ಬೆಲೆ 49.99 ಡಾಲರು, ಮೂರಕ್ಕೆ ಸುಮಾರು 150. ಈಗಾಗಲೇ ವೆಚ್ಚವಾದ ಹಣವನ್ನು ಮುಂದಿನ ತೀರ್ಮಾನದಲ್ಲಿ ಲೆಕ್ಕಕ್ಕೆ ಹಿಡಿಯಬಾರದೆಂದು ನಮಗೆ ತರಗತಿಯಲ್ಲಿ ಕಲಿಸುತ್ತಾರೆ. ಮಾತು ಸರಿ. ಆದರೆ ಹಳೆಯ ಗ್ರಂಥ ಹಾಳಾಗಿಲ್ಲ, ಅದರಿಂದ ಆಡಬಹುದು. ಕಲಿತ ನಿಯಮವೂ ಮರೆತಿಲ್ಲ. ಪಠ್ಯಕ್ರಮ ಬದಲಾದ ವರ್ಷ, ಹಿರಿಯ ವಿದ್ಯಾರ್ಥಿಗಳಿಂದ ಅರ್ಧ ಬೆಲೆಗೆ ಕೊಂಡ ಪುಸ್ತಕ ನಮಗೆ ಕೆಲಸಕ್ಕೆ ಬಾರದು, ಏಕೆಂದರೆ ಪರೀಕ್ಷೆ ಹೊಸ ಪಠ್ಯದ ಮೇಲೆ ನಡೆಯುತ್ತದೆ. ಮೇಜಿನ ಆಟಕ್ಕೆ ಅಂಥ ಪರೀಕ್ಷೆಯಿಲ್ಲ. ಎರಡನೆಯ ಅಂಶ, ಇದು ಒಬ್ಬನ ಕೊಳ್ಳುವಿಕೆಯಲ್ಲ. ಐವರಲ್ಲಿ ಒಬ್ಬ ಮಾತ್ರ ಹೊಸ ನಿಯಮವನ್ನು ಕಲಿತರೆ ಅವನ ಹಣ ವ್ಯರ್ಥ. ಹೊರಗಿನ ಲೋಕವೆಲ್ಲ ಹೊಸದಕ್ಕೆ ತಿರುಗಿದರೆ, ಹಳೆಯದನ್ನು ಬಲ್ಲ ಹೊಸ ಜೊತೆಗಾರರು ಸಿಗುವುದು ಕ್ರಮೇಣ ದುರ್ಲಭವಾಗುತ್ತದೆ. ಹೀಗೆ ನಿರಾಕರಣೆಗೂ ಬೆಲೆಯುಂಟು.

ಇಲ್ಲಿ ರಾಜ್ಯಶಾಸ್ತ್ರದ ಒಂದು ಹಳೆಯ ಚರ್ಚೆ ನೆನಪಾಗುತ್ತದೆ. ಒಂದು ರಾಜ್ಯದಲ್ಲಿ ವಾಸವಾಗಿರುವವನು ಅದರ ಶಾಸನಕ್ಕೆ ಮೌನವಾಗಿ ಸಮ್ಮತಿಸಿದಂತೆಯೇ ಎಂದು ಜಾನ್ ಲಾಕ್ ವಾದಿಸಿದನು. ಬಿಟ್ಟುಹೋಗಲು ದಾರಿಯಿಲ್ಲದ ಬಡವನ ಮೌನವನ್ನು ಸಮ್ಮತಿಯೆನ್ನುವುದು ಹೇಗೆ ಎಂದು ಡೇವಿಡ್ ಹ್ಯೂಮ್ 1748ರಲ್ಲಿ ಆಕ್ಷೇಪಿಸಿದನು. ನಿರಾಕರಿಸುವುದು ಸಾಧ್ಯವಿದ್ದಲ್ಲಿ ಮಾತ್ರ ಒಪ್ಪಿಗೆಗೆ ಅರ್ಥವುಂಟು. ಈ ಆಟದ ಇತ್ತೀಚಿನ ಇತಿಹಾಸವು ನಿರಾಕರಣೆಯ ಸಾಧ್ಯತೆ ಹೇಗೆ ಉಳಿದುಬಂದಿತೆಂಬುದರ ಇತಿಹಾಸವೇ ಆಗಿದೆ.

2000ದಲ್ಲಿ ಸಂಸ್ಥೆಯು ಒಂದು ಮುಕ್ತ ಪರವಾನಗಿಯನ್ನು ಪ್ರಕಟಿಸಿ, ತನ್ನ ನಿಯಮಗಳ ಬಹುಭಾಗವನ್ನು ಬಳಸಿ ಯಾರು ಬೇಕಾದರೂ ಪುಸ್ತಕ ಬರೆದು ಮಾರಬಹುದೆಂದಿತು. ಇದರ ಫಲ ಎರಡು ಬಗೆಯಲ್ಲಿ ಕಂಡಿತು. 2006ರಲ್ಲಿ ಕೆಲವು ಆಟಪ್ರಿಯರು 1970ರ ದಶಕದ ನಿಯಮಗಳನ್ನೇ ಹೊಸ ಮಾತುಗಳಲ್ಲಿ ಬರೆದು ಹಂಚಿದರು. 2008ರ ಆವೃತ್ತಿ ಹಿಡಿಸದವರಿಗೆ ಪೈಜೊ ಎಂಬ ಬೇರೊಂದು ಸಂಸ್ಥೆಯು ಮೂರನೆಯ ಆವೃತ್ತಿಯ ನಿಯಮಗಳನ್ನೇ ತಿದ್ದಿ 2009ರಲ್ಲಿ ‘ಪಾತ್‌ಫೈಂಡರ್’ ಎಂಬ ಹೆಸರಿನಲ್ಲಿ ಕೊಟ್ಟಿತು. ನಿರಾಕರಿಸಿದವರು ಒಂಟಿಯಾಗಲಿಲ್ಲ. ಮೂಲ ಸಂಸ್ಥೆಗೂ ಪಾಠ ತಿಳಿಯಿತೆನ್ನಬೇಕು. 2012ರಿಂದ ಅದು ಮುಂದಿನ ಆವೃತ್ತಿಯ ಕರಡನ್ನು ಸಾರ್ವಜನಿಕರಿಗೆ ಕೊಟ್ಟು ಆಡಿಸಿ, ಅಭಿಪ್ರಾಯ ಸಂಗ್ರಹಿಸಿ, 2014ರಲ್ಲಿ ಐದನೆಯದನ್ನು ತಂದಿತು. ಅದರಲ್ಲಿನ ಒಂದು ನಿಯಮ ಸೊಗಸಾದದ್ದು. ಸನ್ನಿವೇಶ ಅನುಕೂಲವಾಗಿದ್ದರೆ ಎರಡು ದಾಳ ಉರುಳಿಸಿ ದೊಡ್ಡದನ್ನು ಎಣಿಸು, ಪ್ರತಿಕೂಲವಾಗಿದ್ದರೆ ಚಿಕ್ಕದನ್ನು ಎಣಿಸು. 11 ಬೀಳಬೇಕಾದಲ್ಲಿ ಒಂದು ದಾಳಕ್ಕೆ ನೂರಕ್ಕೆ 50ರ ಸಂಭವ. ಎರಡರಲ್ಲಿ ದೊಡ್ಡದನ್ನು ಎಣಿಸಿದರೆ 75, ಚಿಕ್ಕದನ್ನು ಎಣಿಸಿದರೆ 25. ಕೂಡಿ ಕಳೆಯುವ ಗೋಜಿಲ್ಲದೆ ಬಾಲಕನೂ ಆಡಬಲ್ಲ ಲೆಕ್ಕವಿದು.

2023ರ ಜನವರಿಯಲ್ಲಿ ಸಂಸ್ಥೆಯು ಆ ಹಳೆಯ ಪರವಾನಗಿಯನ್ನು ರದ್ದುಪಡಿಸುವ ಕರಡೊಂದನ್ನು ಸಿದ್ಧಪಡಿಸಿರುವುದು ಬಯಲಾಯಿತು. ಪ್ರತಿಭಟನೆ ಎಷ್ಟು ತೀವ್ರವಾಗಿತ್ತೆಂದರೆ, ಸಂಸ್ಥೆ ನಡೆಸಿದ ಮತಸಂಗ್ರಹದಲ್ಲಿ 15,000ಕ್ಕೂ ಮೇಲ್ಪಟ್ಟು ಜನ ಉತ್ತರಿಸಿದರು. ಅದೇ ತಿಂಗಳ 27ರಂದು ಸಂಸ್ಥೆ ಹಿಂದೆ ಸರಿದು, ಐದನೆಯ ಆವೃತ್ತಿಯ ಮೂಲ ನಿಯಮಗಳನ್ನು ‘ಕ್ರಿಯೇಟಿವ್ ಕಾಮನ್ಸ್’ ಪರವಾನಗಿಯಡಿ ಬಿಟ್ಟುಕೊಟ್ಟಿತು. ಅದನ್ನು ಮರಳಿ ಪಡೆಯುವಂತಿಲ್ಲ. 2024ರ ಆಗಸ್ಟಿನಲ್ಲಿ ಇನ್ನೊಂದು ಪ್ರಸಂಗ ನಡೆಯಿತು. ಅನೇಕರು ಈಗ ತಮ್ಮ ಪಾತ್ರದ ವಿವರಗಳನ್ನು ಸಂಸ್ಥೆಯ ಅಂತರ್ಜಾಲ ಸೇವೆಯಲ್ಲಿಯೇ ಇರಿಸಿಕೊಳ್ಳುತ್ತಾರೆ. ಅಲ್ಲಿ ಹಳೆಯ ಮಂತ್ರಗಳ ಜಾಗದಲ್ಲಿ ಹೊಸ ಆವೃತ್ತಿಯವು ತಾವಾಗಿಯೇ ಬಂದು ಕೂರುವುವೆಂದು ಪ್ರಕಟಣೆ ಹೊರಟಿತು. ಆಟಗಾರರು ಆಕ್ಷೇಪಿಸಿದ ಮೇಲೆ ಕೆಲವೇ ದಿನಗಳಲ್ಲಿ ಅದನ್ನೂ ಕೈಬಿಡಲಾಯಿತು. ಮನೆಯ ಕಪಾಟಿನಲ್ಲಿರುವ ಪುಸ್ತಕವನ್ನು ಯಾರೂ ಹೀಗೆ ಬದಲಿಸಲಾರರು. ನಿಯಮ ಆಟಗಾರನ ಕೈಯಲ್ಲಿರುವುದಕ್ಕೂ ಅನ್ಯರ ಭಂಡಾರದಲ್ಲಿರುವುದಕ್ಕೂ ಇರುವ ಅಂತರ ಇದೇ.

ಇಷ್ಟನ್ನೂ ನೋಡಿದ ಮೇಲೆ, ಮೇಜೊಂದು ತನ್ನ ನಿರ್ಧಾರವನ್ನು ಹೇಗೆ ಮಾಡಬೇಕೆಂಬುದರ ಬಗ್ಗೆ ನನ್ನ ಅಭಿಪ್ರಾಯವನ್ನು ಹೇಳಬಯಸುತ್ತೇನೆ. ಮೊದಲನೆಯದಾಗಿ, ನಡೆಯುತ್ತಿರುವ ಕಥೆಯನ್ನು ಹಳೆಯ ನಿಯಮದಲ್ಲಿಯೇ ಮುಗಿಸುವುದು ಲೇಸು. ನಡುವೆ ನಿಯಮ ಬದಲಾದರೆ ಆಟಗಾರನು ಎರಡು ವರ್ಷ ಬೆಳೆಸಿದ ಪಾತ್ರ ಅವನಿಗೇ ಅಪರಿಚಿತವಾಗುತ್ತದೆ. ಎರಡನೆಯದಾಗಿ, ಒಂದು ಚಿಕ್ಕ ಕಥೆಯನ್ನು ಹೊಸ ನಿಯಮದಲ್ಲಿ ಆಡಿ ನೋಡಿದ ಮೇಲೆಯೇ ಹಣ ತೆರಬೇಕು. ಮೂಲ ನಿಯಮಗಳು ಉಚಿತವಾಗಿಯೇ ದೊರೆಯುತ್ತಿರುವುದರಿಂದ ಇದು ಕಷ್ಟವಲ್ಲ. ಮೂರನೆಯದಾಗಿ, ಪೂರ್ತಿ ಒಪ್ಪಿಗೆ, ಪೂರ್ತಿ ನಿರಾಕರಣೆಗಳ ನಡುವೆ ಒಂದು ಹಾದಿಯಿದೆ: ಹಳೆಯದನ್ನೇ ಇಟ್ಟುಕೊಂಡು ಹೊಸದರಲ್ಲಿ ಹಿಡಿಸಿದ ಒಂದೆರಡು ನಿಯಮಗಳನ್ನು ಎರವಲು ತರುವುದು. ಕೊನೆಯದಾಗಿ, ಇಲ್ಲಿ ಬಹುಮತದ ತೀರ್ಮಾನ ಸಲ್ಲದು. ಶಾಸನಸಭೆಯಲ್ಲಿ ಸೋತವರು ವಿರೋಧಪಕ್ಷವಾಗಿ ಉಳಿಯುತ್ತಾರೆ. ಐವರ ಮೇಜಿನಲ್ಲಿ ಸೋತ ಇಬ್ಬರು ಎದ್ದು ಹೋದರೆ ಆಟವೇ ಉಳಿಯದು. ಎಲ್ಲರೂ ಒಪ್ಪುವವರೆಗೆ ಮಾತಾಡುವುದೇ ದಾರಿ.

ಹೊಸದೆಲ್ಲ ವ್ಯಾಪಾರದ ತಂತ್ರವೆಂದು ನಾನು ಹೇಳುವುದಿಲ್ಲ. ಕವಚಾಂಕದ ಲೆಕ್ಕ ಹಗುರವಾದದ್ದು ನಿಜವಾದ ಸುಧಾರಣೆ. 2024ರ ಗ್ರಂಥದಲ್ಲಿ ಪಾತ್ರದ ಸಾಮರ್ಥ್ಯವು ಅದು ಹುಟ್ಟಿದ ಕುಲದಿಂದ ಬರದೆ, ಅದು ಬೆಳೆದ ಹಿನ್ನೆಲೆ, ಕಲಿತ ಕಸುಬುಗಳಿಂದ ಬರುವಂತೆ ಮಾಡಿರುವುದು ನನಗಂತೂ ತುಂಬ ಹಿಡಿಸಿತು. ಒಳ್ಳೆಯದಾದ ನಿಯಮವನ್ನೂ ಕೇಳಿ, ಪರೀಕ್ಷಿಸಿ, ಬೇಡವೆನ್ನುವ ಸ್ವಾತಂತ್ರ್ಯವಿದ್ದಾಗ ಒಪ್ಪಿಕೊಂಡರೆ ಅದು ನಮ್ಮದಾಗುತ್ತದೆ. ಗ್ರಂಥವನ್ನು ಅಚ್ಚು ಹಾಕಿಸುವವರು ಯಾರೇ ಆಗಲಿ, ಅದನ್ನು ನಿಯಮವನ್ನಾಗಿ ಮಾಡುವವರು ಮೇಜಿನ ಸುತ್ತ ಕುಳಿತು ದಾಳ ಹಿಡಿದವರೇ.