ಒಂದು ಕಣಿವೆ, ಮೂರು ಅರಮನೆಗಳು

ನೇಪಾಳದ ಕಠ್ಮಂಡು ಕಣಿವೆಯಲ್ಲಿ ಕಠ್ಮಂಡು, ಪಾಟನ್ ಮತ್ತು ಭಕ್ತಪುರ ಎಂಬ ಮೂರು ಹಳೆಯ ನಗರಗಳಿವೆ. ಮೂರರಲ್ಲೂ ಒಂದೊಂದು ಅರಮನೆ ಇದೆ. ಇಷ್ಟು ಹತ್ತಿರ ಹತ್ತಿರ ಮೂರು ಅರಮನೆಗಳು ಏಕೆ?

1482ರಲ್ಲಿ ಯಕ್ಷಮಲ್ಲ ರಾಜನು ತೀರಿಕೊಂಡ ನಂತರ ರಾಜ್ಯ ಒಡೆದು ಹಂಚಿಹೋಯಿತು. ಮುಂದೆ ಮೂರು ನಗರಗಳ ಮಲ್ಲ ರಾಜರು ಒಬ್ಬರಿಗಿಂತ ಒಬ್ಬರು ಚೆನ್ನಾಗಿ ಕಟ್ಟಿಸಲು ಪೈಪೋಟಿಗೆ ಇಳಿದರು. ಇದಕ್ಕೆ ಹಣ ಎಲ್ಲಿಂದ ಬಂತು? ಭಾರತ ಮತ್ತು ಟಿಬೆಟ್ ನಡುವಿನ ವ್ಯಾಪಾರದ ದಾರಿ ಈ ಕಣಿವೆಯ ಮೂಲಕವೇ ಹೋಗುತ್ತಿತ್ತು. ಟಿಬೆಟ್‌ಗೆ ಬೇಕಾದ ಬೆಳ್ಳಿ ನಾಣ್ಯಗಳನ್ನು ಮುದ್ರಿಸಿ ಕೊಟ್ಟೂ ರಾಜರು ಲಾಭ ಗಳಿಸಿದರು. ಮರ, ಲೋಹ ಮತ್ತು ಇಟ್ಟಿಗೆಯ ಕೆಲಸ ನೇವಾರ್ ಕುಶಲಕರ್ಮಿಗಳದು.

ನೋಡಬೇಕಾದವು: ಭಕ್ತಪುರದಲ್ಲಿ 55 ಕಿಟಕಿಗಳ ಅರಮನೆ, 1753ರ ಚಿನ್ನದ ಬಾಗಿಲು ಮತ್ತು 1702ರಲ್ಲಿ ಕಟ್ಟಿದ ಐದು ಅಂತಸ್ತಿನ ನ್ಯಾತಪೋಲ ದೇವಾಲಯ. ಪಾಟನ್‌ನಲ್ಲಿ ಅರಮನೆಯ ಎದುರಿಗಿರುವ 1637ರ ಕಲ್ಲಿನ ಕೃಷ್ಣ ಮಂದಿರ. ಕಠ್ಮಂಡುವಿನಲ್ಲಿ ಹನುಮಾನ್ ಢೋಕಾ ಅರಮನೆ. ಈ ಮೂರು ಅರಮನೆ ಚೌಕಗಳು 1979ರಿಂದ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ.

ಈ ಕಣಿವೆ ಹಲವು ಜನರದು. ಸ್ವಯಂಭೂ ಮತ್ತು ಬೌದ್ಧನಾಥದಲ್ಲಿ ಬೌದ್ಧ ಸ್ತೂಪಗಳಿವೆ. ಪಶುಪತಿನಾಥ ದೇವಾಲಯದ ಮುಖ್ಯ ಅರ್ಚಕರು ನಮ್ಮ ಕರ್ನಾಟಕದಿಂದ ಹೋದವರು. ಮಲ್ಲರ ಕಾಲದಲ್ಲೇ ಕಾಶ್ಮೀರಿ ಮುಸ್ಲಿಂ ವರ್ತಕರು ಇಲ್ಲಿ ನೆಲೆಸಿದರು. ಅವರ ಹೆಸರಿನ ಮಸೀದಿ ಇಂದಿಗೂ ಕಠ್ಮಂಡು ನಗರದ ಮಧ್ಯದಲ್ಲಿದೆ.

2015ರ ಏಪ್ರಿಲ್ 25ರಂದು 7.8 ತೀವ್ರತೆಯ ಭೂಕಂಪವಾಯಿತು. ಕಠ್ಮಂಡುವಿಗೆ ಹೆಸರು ಕೊಟ್ಟ ಕಾಷ್ಠಮಂಡಪವೇ ಕುಸಿದು ಬಿತ್ತು. ಅದನ್ನು ಹಳೆಯ ಪದ್ಧತಿಯಂತೆ ಮರ ಮತ್ತು ಇಟ್ಟಿಗೆಯಿಂದಲೇ ಮತ್ತೆ ಕಟ್ಟಿದರು. ಕೈಕೆಲಸ ಬಲ್ಲವರು ಉಳಿದಿದ್ದರಿಂದಲೇ ಇದು ಸಾಧ್ಯವಾಯಿತು. ಕಟ್ಟಡ ಉಳಿಯಬೇಕಾದರೆ ವಿದ್ಯೆ ಉಳಿಯಬೇಕು.

ಹನುಮಾನ್ ಢೋಕಾಕ್ಕೆ ಹೋದವರು ಹೊರಗೋಡೆಯ ಕಲ್ಲಿನ ಶಾಸನವನ್ನು ಮರೆಯದೆ ನೋಡಬೇಕು. 1654ರಲ್ಲಿ ಪ್ರತಾಪಮಲ್ಲ ರಾಜನು ಕಾಳಿಕಾ ದೇವಿಯ ಸ್ತುತಿಯನ್ನು ಇಲ್ಲಿ ಹಲವು ಲಿಪಿಗಳಲ್ಲಿ ಕೆತ್ತಿಸಿದ. ನಡುವೆ ಫ್ರೆಂಚ್ ಪದಗಳೂ ಇವೆ, ಫಾರ್ಸಿಯೂ ಇದೆ. ಪೂರ್ತಿ ಓದಿದವರಿಗೆ ಕಲ್ಲಿನ ನಡುವಿನ ನಳಿಕೆಯಿಂದ ಹಾಲು ಹರಿಯುತ್ತದೆ ಎಂದು ಅಲ್ಲಿಯ ಜನ ಹೇಳುತ್ತಾರೆ. ಉರ್ದು ಕಲಿತವರು ಅದರಲ್ಲಿ ತಮಗೆ ಪರಿಚಯವಿರುವ ಅಕ್ಷರಗಳನ್ನು ಗುರುತಿಸಬಹುದು. ರಾಜನಿಗೆ ತನ್ನ ಪಾಂಡಿತ್ಯ ತೋರಿಸುವ ಆಸೆ ಇದ್ದಿರಬಹುದು. ಆದರೂ ಬೇರೆಯವರ ಅಕ್ಷರ ಬಲ್ಲವನೇ ಪಂಡಿತ ಎಂದು ಅವನು ತಿಳಿದಿದ್ದ. ಮನೆಯಲ್ಲಿ ಒಂದು ಭಾಷೆ, ತರಗತಿಯಲ್ಲಿ ಇನ್ನೊಂದು ಭಾಷೆ ಕಲಿಯುವ ನಮಗೆ ಈ ಗೋಡೆ ಒಂದು ಒಳ್ಳೆಯ ಪಾಠ.