ಮಣ್ಣಿನ ಶಾಸ್ತ್ರವೂ ನಮ್ಮ ಹೆಣ್ಣುಮಕ್ಕಳೂ

ನಮ್ಮ ಹೆಣ್ಣುಮಕ್ಕಳು ಉಪಾಧ್ಯಾಯಿನಿಯರೂ ದಾದಿಯರೂ ವೈದ್ಯರೂ ಆಗುವುದನ್ನು ಸಂತೋಷದಿಂದ ನೋಡುತ್ತ ಬಂದಿದ್ದೇವೆ. ಕಂಪ್ಲಿಯ ಸುತ್ತಣ ಮನೆಗಳಿಗೆ ಅನ್ನವಿಕ್ಕುವ ಮಣ್ಣನ್ನೇ ವ್ಯಾಸಂಗದ ವಿಷಯವನ್ನಾಗಿ ಮಾಡಿಕೊಳ್ಳಬಹುದೆಂಬ ಯೋಚನೆಯು ಮಾತ್ರ ತಂದೆತಾಯಿಗಳಿಗೆ ಅಪರೂಪ. ಆದುದರಿಂದ ಆ ಶಾಸ್ತ್ರದ ಸ್ವರೂಪವನ್ನೂ ಅದನ್ನು ಕಲಿಯುವ ಮಾರ್ಗವನ್ನೂ ಇಲ್ಲಿ ಸಂಕ್ಷೇಪವಾಗಿ ತಿಳಿಸುವೆವು.

ರಷ್ಯಾ ದೇಶದ ದೊಕುಚಾಯೆವ್ ಎಂಬ ಪಂಡಿತನು 1883ರಲ್ಲಿ ಅಲ್ಲಿಯ ಕರಿಮಣ್ಣನ್ನು ಕುರಿತು ಗ್ರಂಥವನ್ನು ಪ್ರಕಟಿಸಿದನು. ಮೂಲಶಿಲೆ, ಹವೆ, ಜೀವಿಗಳು, ನೆಲದ ಏರುತಗ್ಗು, ಕಾಲ ಇವೆಲ್ಲ ಕೂಡಿ ಮಣ್ಣನ್ನು ನಿರ್ಮಿಸುವುವೆಂಬುದು ಆತನ ಸಿದ್ಧಾಂತ. ನಮ್ಮ ರೈತರು ಎರೆ, ಮಸಾರಿ ಎಂದು ಗುರುತಿಸುವ ಭೇದಗಳಿಗೆ ಈ ಶಾಸ್ತ್ರವು ಕಾರಣವನ್ನು ಹೇಳುತ್ತದೆ. ಎರೆಯಲ್ಲಿ ನೀರುಂಡು ಉಬ್ಬುವ, ಒಣಗಿ ಕುಗ್ಗುವ ಜೇಡಿಯು ಹೆಚ್ಚು. ಬೇಸಗೆಯಲ್ಲಿ ಆ ಹೊಲವು ಬಿರಿಯುವುದು ಅದರಿಂದಲೇ.

ವಿಜಯನಗರದ ಅರಸರ ಕಾಲದಿಂದ ಕಾಲುವೆಗಳನ್ನು ಕಂಡ ಈ ಸೀಮೆಗೆ, 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟು ಇನ್ನಷ್ಟು ನೀರನ್ನು ತಂದಿತು. ಬತ್ತದೊಡನೆ ಸಂಪತ್ತೂ ಬೆಳೆಯಿತು. ಆದರೆ ಬಸಿಗಾಲುವೆಯಿಲ್ಲದೆಡೆ ನೆಲದೊಳಗಣ ನೀರು ಮೇಲೇರುವುದು. ನೀರು ಆವಿಯಾಗಿ ಹೋದ ಬಳಿಕ ಉಪ್ಪು ನೆಲದ ಮೇಲೆ ಉಳಿಯುವುದು. ಇದೇ ಸವಳು. ತುಂಗಭದ್ರೆಯ ಅಚ್ಚುಕಟ್ಟಿನಲ್ಲಿ ಅನೇಕ ಹೊಲಗಳು ಇದರಿಂದ ಕೆಟ್ಟಿವೆ.

ಕೆಟ್ಟ ನೆಲವೆಲ್ಲ ಒಂದೇ ಬಗೆಯದಲ್ಲ. ಮಣ್ಣಿನ ಸಾರದ ವಿದ್ಯುದ್ವಾಹಕತೆಯು ಮೀಟರಿಗೆ 4 ಡೆಸಿಸೀಮೆನ್ಸ್ ಮೀರಿದರೆ ಉಪ್ಪು ಹೆಚ್ಚಾಯಿತೆಂದು ಎಣಿಸುವರು. ಸಿಹಿನೀರು ಕಟ್ಟಿ, ತೊಳೆದು, ಬಸಿದುಹೋಗುವಂತೆ ಮಾಡಿದರೆ ಅದು ಸುಧಾರಿಸುವುದು. ರಸಸಾರವು 8.5ನ್ನು ಮೀರಿ ಸೋಡಿಯಂ ತುಂಬಿದ ಕ್ಷಾರಭೂಮಿಗೆ ಬರಿಯ ನೀರು ಸಾಲದು. ಅಲ್ಲಿ ಜೇಡಿಯ ಕಣಗಳು ಚೆದರಿ ರಂಧ್ರಗಳನ್ನು ಮುಚ್ಚಿರುವುವು. ಜಿಪ್ಸಮ್ಮಿನ ಕ್ಯಾಲ್ಸಿಯಂ ಸೋಡಿಯಮ್ಮನ್ನು ಸ್ಥಾನದಿಂದ ಕದಲಿಸಿದ ಮೇಲೆಯೇ ನೀರು ಇಳಿಯುವುದು. ರೋಗವನ್ನರಿಯದೆ ಮಾಡಿದ ಚಿಕಿತ್ಸೆಯಿಂದ ರೈತನ ಹಣವೂ ವರ್ಷವೂ ವ್ಯರ್ಥವಾಗುತ್ತವೆ. ಪರೀಕ್ಷಿಸಿ ಹೇಳಬಲ್ಲವರು ನಮಗೆ ಬೇಕಾಗಿರುವುದು ಇದಕ್ಕಾಗಿಯೇ.

ಈ ವಿದ್ಯೆಗೆ ಮಾರ್ಗವು ಹೀಗಿದೆ. ಪದವಿಪೂರ್ವ ತರಗತಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಓದಿ, ನಾಲ್ಕು ವರ್ಷಗಳ ಕೃಷಿ ಪದವಿಯನ್ನು ಪಡೆಯತಕ್ಕದ್ದು. ಅನಂತರ ಎರಡು ವರ್ಷಗಳ ಸ್ನಾತಕೋತ್ತರ ವ್ಯಾಸಂಗ. ಅದರಲ್ಲಿ ಪಾಠಗಳೊಡನೆ ಸ್ವಂತ ಸಂಶೋಧನೆಯ ಪ್ರಬಂಧವೂ ಸೇರಿದೆ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯವು ನಮಗೆ ಸಮೀಪದ್ದು. ಹೊಳೆಯಾಚೆಯ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳುಭೂಮಿಯ ಸಂಶೋಧನೆಯೇ ನಡೆದಿದೆ. ದೂರ ಹೋಗಬಲ್ಲವರು ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಅಖಿಲ ಭಾರತ ಪರೀಕ್ಷೆಯ ಮೂಲಕ ಅನ್ಯಪ್ರಾಂತಗಳಲ್ಲಿಯೂ ಓದಬಹುದು. ಹರಿಯಾಣದ ಕರ್ನಾಲಿನಲ್ಲಿ 1969ರಿಂದ ಸವಳುಮಣ್ಣಿಗಾಗಿಯೇ ಕೇಂದ್ರೀಯ ಸಂಸ್ಥೆಯೊಂದಿದೆ.

ಬಿಸಿಲಲ್ಲಿ ಹೊಲ ತಿರುಗುವ ಕೆಲಸವು ಹುಡುಗಿಯರಿಗೆ ತಕ್ಕುದೇ ಎಂದು ಕೆಲವರು ಕೇಳುವರು. ನಾಟಿಯನ್ನೂ ಕಳೆಯನ್ನೂ ಮಾಡುವವರು ಬಹುಮಟ್ಟಿಗೆ ಸ್ತ್ರೀಯರೇ ಆಗಿರುವಾಗ, ಮಣ್ಣನ್ನು ಅಳೆಯುವುದು ಅವರಿಗೆ ಹೇಗೆ ಅಯೋಗ್ಯವಾದೀತು? ವ್ಯಾಸಂಗವು ದೀರ್ಘವೆಂಬುದೂ ಉದ್ಯೋಗಕ್ಕೆ ಸ್ಪರ್ಧೆಯಿದೆಯೆಂಬುದೂ ನಿಜ. ಆದರೂ ಮಣ್ಣು ಪರೀಕ್ಷಾಲಯ, ಕೃಷಿ ಇಲಾಖೆ, ಕೃಷಿ ವಿಜ್ಞಾನ ಕೇಂದ್ರ, ಕಾಲೇಜುಗಳು ಈ ವಿದ್ಯಾವಂತರಿಗೆ ತಕ್ಕ ಸ್ಥಳಗಳಾಗಿವೆ.

ಪೂರ್ವ ವಿದ್ಯಾರ್ಥಿನಿಯರೇ, ನಿಮ್ಮ ಮಗಳಾಗಲಿ ತಂಗಿಯಾಗಲಿ ರಸಾಯನಶಾಸ್ತ್ರದಲ್ಲಿ ಅಭಿರುಚಿಯನ್ನು ತೋರಿದರೆ ಈ ಮಾರ್ಗವನ್ನೂ ಅವಳ ಮುಂದಿರಿಸಿರಿ. ಹೊಲವನ್ನು ಮಕ್ಕಳಿಗೆ ಬಿಟ್ಟುಹೋಗುವ ಹಿರಿಯರು, ಆ ಹೊಲವನ್ನು ಕಾಯುವ ವಿದ್ಯೆಯನ್ನೂ ಒಬ್ಬ ಮಗಳಿಗಾದರೂ ಕೊಡಿಸುವುದು ಉಚಿತವಾಗಿದೆ.