ಬೆಟ್ಟದ ಊರಿಗೆ ದ್ವೀಪದ ಸೋಲಾರ್ ಹೊಂದುತ್ತದೆಯೇ?

ಪ್ರಶ್ನೆ: ನಮ್ಮ ಹಿರಿಯರು ಎಷ್ಟೋ ತಲೆಮಾರುಗಳ ಹಿಂದೆ ಕನ್ನಡ ನಾಡಿನಿಂದ ತಮಿಳುನಾಡಿನ ಕಂಬಂ ಕಣಿವೆಗೆ ಬಂದು ನೆಲೆಸಿದವರು. ಮನೆಯಲ್ಲಿ ಇಂದಿಗೂ ಕನ್ನಡವೇ. ಲಕ್ಷದ್ವೀಪದಂಥ ಕಡೆ ಡೀಸೆಲ್ ಬಿಟ್ಟು ಸೋಲಾರಿಗೆ ಹೋಗುತ್ತಿದ್ದಾರೆಂದು ಓದಿದೆ. ತೇನಿ, ದಿಂಡಿಗಲ್ ಬೆಟ್ಟಗಳ ಮೇಲಿನ ರಸ್ತೆಯಿಲ್ಲದ ಊರುಗಳೂ ದ್ವೀಪಗಳೇ ಅಲ್ಲವೇ? ಅಲ್ಲಿಗೂ ಇದು ಆಗುವ ಕೆಲಸವೇ?
— ಒಬ್ಬ ಓದುಗರು, ಕಂಬಂ

ಉತ್ತರ: ಆಗುವ ಕೆಲಸವೇ. ಆದರೆ ಪ್ಯಾನೆಲ್ ಕೂಡಿಸಿ ರಿಬ್ಬನ್ ಕತ್ತರಿಸಿದ ದಿನ ಅದು ಆಯಿತೆಂದು ಹೇಳಲಾಗದು. ಐದನೆಯ ವರ್ಷ ಬ್ಯಾಟರಿ ಕೈಕೊಟ್ಟಾಗ ಊರಿನವರು ಏನು ಮಾಡುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಮೊದಲು ದ್ವೀಪಗಳ ವಿಷಯ. ಲಕ್ಷದ್ವೀಪದಲ್ಲಿ ಜನವಸತಿ ಇರುವ ದ್ವೀಪ ಹತ್ತು. ಅಲ್ಲಿ ಉರಿಯುವ ಡೀಸೆಲ್ಲೆಲ್ಲ ಮುಖ್ಯಭೂಮಿಯಿಂದ ಸಮುದ್ರ ದಾಟಿ ಬರಬೇಕು. ಮಳೆಗಾಲದ ಕಡಲಿನಲ್ಲಿ ಅದು ಇನ್ನೂ ಕಷ್ಟ. ಸೋಲಾರಿಗೆ ಅಲ್ಲಿ ಅರ್ಥ ಬರುವುದು ಈ ಸಾಗಣೆಯ ಖರ್ಚಿನಿಂದಲೇ. 2024ರ ಜನವರಿಯಲ್ಲಿ ಕವರತ್ತಿಯಲ್ಲಿ ಉದ್ಘಾಟನೆಯಾದದ್ದು ಆ ದ್ವೀಪಗಳ ಮೊದಲ ಬ್ಯಾಟರಿ ಸಹಿತ ಸೌರ ಸ್ಥಾವರ. ಸಾಮರ್ಥ್ಯ 1.7 ಮೆಗಾವ್ಯಾಟ್, ಬ್ಯಾಟರಿಯಲ್ಲಿ ಹಿಡಿಯುವುದು ಸುಮಾರು 1,400 ಯೂನಿಟ್. ಇದನ್ನು ಸ್ವಲ್ಪ ಲೆಕ್ಕ ಹಾಕಿ ನೋಡಿ. ಪ್ಯಾನೆಲ್‌ಗಳು ಪೂರ್ತಿ ಬಿಸಿಲಿನಲ್ಲಿ ಒಂದು ಗಂಟೆಯಲ್ಲಿ ಕೊಡುವಷ್ಟು ಕರೆಂಟನ್ನೂ ಆ ಬ್ಯಾಟರಿ ಹಿಡಿದಿಡಲಾರದು. ಹಗಲಿನ ಡೀಸೆಲ್ ಉಳಿಯುತ್ತದೆ, ಮೋಡ ಬಂದಾಗ ದೀಪ ಮಿಣುಕುವುದು ತಪ್ಪುತ್ತದೆ. ರಾತ್ರಿಯ ಹೊರೆ ಮಾತ್ರ ಜನರೇಟರಿನ ಮೇಲೆಯೇ. ಅಮೆರಿಕನ್ ಸಮೋವಾಕ್ಕೆ ಸೇರಿದ ತಾ'ಉ ಎಂಬ ಪುಟ್ಟ ದ್ವೀಪ 2016ರಲ್ಲಿ ಬೇರೆ ದಾರಿ ಹಿಡಿಯಿತು: 1.4 ಮೆಗಾವ್ಯಾಟ್ ಪ್ಯಾನೆಲ್‌ಗಳಿಗೆ 6,000 ಯೂನಿಟ್ಟಿನ ಬ್ಯಾಟರಿ. ಬಿಸಿಲೇ ಇಲ್ಲದೆ ಮೂರು ದಿನ ನಡೆಯಬೇಕೆಂಬುದು ಅಲ್ಲಿನ ಗುರಿ. ಹಾಗಾಗಿ ಯಾವುದೇ ಊರು 'ಸೋಲಾರ್ ಆಯಿತು' ಎಂದು ಸುದ್ದಿ ಬಂದರೆ ಪ್ಯಾನೆಲ್ ಎಷ್ಟು ಎಂದು ಕೇಳುವ ಮೊದಲು ಬ್ಯಾಟರಿ ಎಷ್ಟು ಎಂದು ಕೇಳಬೇಕು.

ನಿಮ್ಮ ಕಣಿವೆಯ ಕಥೆ ವಿಚಿತ್ರ. ಅಲ್ಲಿ ಕರೆಂಟಿಗೆ ಬರವಿಲ್ಲ. ಮುಲ್ಲಪೆರಿಯಾರ್ ನೀರು ತೇಕ್ಕಡಿಯ ಕಡೆಯಿಂದ ಬೆಟ್ಟ ತೂರಿ ಲೋಯರ್ ಕ್ಯಾಂಪಿಗೆ ಧುಮುಕಿ ವಿದ್ಯುತ್ ಆಗತೊಡಗಿ ಅರವತ್ತು ವರ್ಷ ದಾಟಿತು. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಸಂದಿನಿಂದ ನುಗ್ಗುವ ಗಾಳಿಗೆ ತೇನಿ ಬಯಲಿನ ಗಾಳಿಯಂತ್ರಗಳು ತಿರುಗುತ್ತವೆ. ಇಷ್ಟೆಲ್ಲ ತಂತಿ ಹಿಡಿದು ದೂರದ ನಗರಗಳಿಗೆ ಹೋಗುವಾಗ, ಅದೇ ನೀರು ಇಳಿಯುವ, ಅದೇ ಗಾಳಿ ಬೀಸುವ ಬೆಟ್ಟಗಳ ಬುಡಕಟ್ಟು ಜನರಾದ ಪಳಿಯರಿಗೂ ಮುದುವರಿಗೂ ಅದರಲ್ಲಿ ಪಾಲು ಸಿಗಬೇಕಾದದ್ದು ನ್ಯಾಯ. ನಮ್ಮ ಶರಾವತಿ ಹಿನ್ನೀರಿನಲ್ಲೂ ಹೀಗೆಯೇ ಆಯಿತು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿಗಾಗಿ ನೆಲ ಬಿಟ್ಟುಕೊಟ್ಟ ಎಷ್ಟೋ ಕುಟುಂಬಗಳು ಆಮೇಲೆ ವರ್ಷಗಟ್ಟಲೆ ಚಿಮಣಿ ದೀಪದಲ್ಲೇ ಬದುಕಿದವು. ನಾಡಿಗೆ ಬೆಳಕು ಕೊಟ್ಟವರ ಮನೆ ಕತ್ತಲಾಗಿರುವುದನ್ನು ಸಹಜವೆಂದು ಒಪ್ಪಿಕೊಳ್ಳಲು ನನಗೆ ಆಗುವುದಿಲ್ಲ.

ತಂತಿ ಎಳೆಯಬಹುದಲ್ಲ ಎನ್ನಬಹುದು. ಎಳೆಯಬಹುದಾದ ಕಡೆ ಎಳೆಯಲಿ. ಆದರೆ ಮೇಘಮಲೆಯ ಕಾಡು 2021ರಿಂದ ಹುಲಿ ಸಂರಕ್ಷಿತ ಪ್ರದೇಶ, ಕೊಡೈಕೆನಾಲ್ ಸುತ್ತಿನ ಕಾಡು ವನ್ಯಧಾಮ. ಕಾಡಿನೊಳಗೆ ಜೋತುಬಿದ್ದ ತಂತಿ ಆನೆಗೆ ಸಾವು. ಗಾಳಿಮಳೆಗೆ ಮರ ಉರುಳಿದರೆ ಹತ್ತಾರು ಮನೆಗಾಗಿ ಲೈನ್‌ಮನ್ ಬೆಟ್ಟ ಹತ್ತಿ ಬರಲು ಎಷ್ಟು ದಿನವಾದೀತು? ಇಂಥ ಕಡೆ ಮನೆಗೊಂದು ಸೋಲಾರ್ ವ್ಯವಸ್ಥೆಯೇ ವಾಸಿ.

ಒಂದು ಮನೆಯ ಲೆಕ್ಕ ಹೀಗೆ. 7 ವ್ಯಾಟಿನ ನಾಲ್ಕು ಬಲ್ಬು 5 ಗಂಟೆ, 30 ವ್ಯಾಟಿನ ಫ್ಯಾನು 6 ಗಂಟೆ, ಚಿಕ್ಕ ಟಿ.ವಿ. 3 ಗಂಟೆ, ಎರಡು ಮೊಬೈಲ್ ಚಾರ್ಜು: ಎಲ್ಲ ಸೇರಿ ದಿನಕ್ಕೆ ಅರ್ಧ ಯೂನಿಟ್ಟಿನೊಳಗೆ. ಒಳ್ಳೆಯ ಬಿಸಿಲಿದ್ದರೆ 200 ವ್ಯಾಟಿನ ಪ್ಯಾನೆಲ್ ಇದನ್ನು ಸಲೀಸಾಗಿ ತುಂಬಿಕೊಡುತ್ತದೆ. ಕಣಿವೆಯ ತಳ ಮಳೆನೆರಳಿನಲ್ಲಿದೆ, ಬಿಸಿಲಿಗೆ ಕೊರತೆಯಿಲ್ಲ. ಮೇಲೆ ಹಾಗಲ್ಲ. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಹಿಂಗಾರಿನ ಮೋಡ, ಮಂಜು, ಮರದ ನೆರಳು. ಕಡೆಯ ಪಕ್ಷ ಎರಡು ದಿನ ತಾಳುವ ಬ್ಯಾಟರಿ ಬೇಕು.

ಹಳೆಯ ಬಗೆಯ ಸೀಸ-ಆಮ್ಲದ ಬ್ಯಾಟರಿಯಾದರೆ ಇದಕ್ಕೆ 150 ಆಂಪಿಯರ್-ಗಂಟೆಯದು ಬೇಕಾಗುತ್ತದೆ. ತೂಕ ಹತ್ತಿರ ಹತ್ತಿರ 50 ಕೆ.ಜಿ., ಬಾಳಿಕೆ ನಾಲ್ಕೈದು ವರ್ಷ, ನಡುವೆ ಡಿಸ್ಟಿಲ್ಡ್ ವಾಟರ್ ಹಾಕುತ್ತಿರಬೇಕು. ಕೊಡೈಕೆನಾಲಿನ ಕೆಳಗಿನ ವೆಳ್ಳಗವಿಗೆ ಬಹುಕಾಲ ಅಕ್ಕಿಬೇಳೆ ಏರಿದ್ದೇ ಕುದುರೆಯ ಬೆನ್ನ ಮೇಲೆ. ಅಂಥ ದಾರಿಯಲ್ಲಿ ಮನೆಗೊಂದರಂತೆ 50 ಕೆ.ಜಿ. ಹೊರಿಸಿ, ಐದು ವರ್ಷಕ್ಕೆ ಸತ್ತದ್ದನ್ನು ಇಳಿಸಿ, ಹೊಸದನ್ನು ಮತ್ತೆ ಏರಿಸುವವರು ಯಾರು? ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಅಷ್ಟೇ ಕೆಲಸವನ್ನು 13 ಕೆ.ಜಿ. ಆಸುಪಾಸಿನಲ್ಲಿ ಮಾಡುತ್ತದೆ, ಸರಿಯಾಗಿ ಬಳಸಿದರೆ ಹತ್ತು ವರ್ಷದ ಮಾತು. ಬೆಲೆ ಹೆಚ್ಚು. ಬೆಟ್ಟದ ಮಟ್ಟಿಗೆ ಆ ಹೆಚ್ಚಿನ ಬೆಲೆ ದಂಡವಲ್ಲ ಎಂದೇ ನನ್ನ ಅಭಿಪ್ರಾಯ.

ಇನ್ನು ದುಡ್ಡು ಮತ್ತು ದುರಸ್ತಿ. ಬಂಗಾಳದ ಸಾಗರ ದ್ವೀಪದಲ್ಲಿ 1996ರಲ್ಲೇ ಕಮಲಪುರದಲ್ಲಿ ಸೌರ ಸ್ಥಾವರ ಬಂತು. ಊರಿನವರ ಸಹಕಾರ ಸಂಘ ತಿಂಗಳ ಹಣ ವಸೂಲು ಮಾಡುತ್ತಿತ್ತು, ಸಂಜೆ ಕೆಲವು ಗಂಟೆ ಕರೆಂಟು. ದೇಶವಿದೇಶದವರು ನೋಡಲು ಬಂದರು. ಮುಂದೆ ಮುರಿಗಂಗಾ ನದಿ ದಾಟಿ ದೊಡ್ಡ ಲೈನು ಬಂದಾಗ ಜನ ಅತ್ತ ಹೊರಳಿದರು. ಇಡೀ ದಿನ ಕರೆಂಟು ಸಿಗುವಾಗ ಯಾರು ತಾನೇ ಹೊರಳುವುದಿಲ್ಲ? ಕರ್ನಾಟಕದಲ್ಲಿ 1995ರಲ್ಲಿ ಹುಟ್ಟಿದ ಸೆಲ್ಕೋ ಎಂಬ ಸೋಲಾರ್ ಕಂಪನಿ ಬೇರೆ ಪಾಠ ಕಲಿಸಿತು. ಬಡವರಿಗೆ ಬ್ಯಾಂಕ್ ಸಾಲ ಕೊಡಿಸಿ ಸೋಲಾರ್ ಹಾಕಿಸಿ, ಕೆಟ್ಟರೆ ರಿಪೇರಿಗೆ ಹುಡುಗರು ಹತ್ತಿರದ ಪೇಟೆಯಲ್ಲೇ ಸಿಗುವಂತೆ ಮಾಡಿತು. ಅದರ ಸಹ-ಸ್ಥಾಪಕ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಈ ಕೆಲಸಕ್ಕೆ. ಬೋಡಿಯಲ್ಲೋ ಪೆರಿಯಕುಳಂನಲ್ಲೋ ಅಂಥ ಒಂದು ಅಂಗಡಿ, ಹಾಡಿಯಲ್ಲೇ ತರಬೇತಾದ ಒಬ್ಬ ಹುಡುಗಿ ಅಥವಾ ಹುಡುಗ ಇರಬೇಕು. ಅದಿಲ್ಲದಿದ್ದರೆ ಪ್ಯಾನೆಲ್ ಕೊನೆಗೆ ಬಟ್ಟೆ ಒಣಗಿಸುವ ಹಲಗೆಯಾಗುತ್ತದೆ.

ಸರ್ಕಾರದ ಹಣವೂ ಇದೆ. 2023ರ ಪಿಎಂ-ಜನ್‌ಮನ್ ಯೋಜನೆ ಲೈನು ಹೋಗದ ಮನೆಗೆ 50,000 ರೂಪಾಯಿವರೆಗಿನ ಸೋಲಾರ್ ಕೊಡುತ್ತದೆ, ಆದರೆ ಅದು ವಿಶೇಷ ದುರ್ಬಲ ಬುಡಕಟ್ಟುಗಳಿಗೆ ಮಾತ್ರ; ಪಳಿಯರು ಆ ಪಟ್ಟಿಯಲ್ಲಿಲ್ಲ. 2024ರ ಧರ್ತಿ ಆಬಾ ಯೋಜನೆ ಆಯ್ದ ಬೇರೆ ಬುಡಕಟ್ಟು ಊರುಗಳನ್ನೂ ಒಳಗೊಂಡಿರುವುದರಿಂದ, ಊರು ಅದರ ಪಟ್ಟಿಯಲ್ಲಿದ್ದರೆ ಕೇಳಬೇಕಾದದ್ದು ಅದರಡಿ. ಅರಣ್ಯ ಇಲಾಖೆಯ ಅಡ್ಡಿಯೇನೂ ದಾಟಲಾಗದ್ದಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೆಯ ಕಲಮು ವಿದ್ಯುತ್ ಲೈನಿಗೂ ಸೋಲಾರಿನಂಥ ಅಸಾಂಪ್ರದಾಯಿಕ ಇಂಧನಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಕಾಡು ನೆಲ ಬಳಸಲು ಅವಕಾಶ ಕೊಡುತ್ತದೆ. ಅದಕ್ಕೆ ಗ್ರಾಮಸಭೆಯ ಶಿಫಾರಸು ಬೇಕು. ಕಣಿವೆಯ ನಿಮ್ಮವರಿಗೆ ಆ ಹಾಡಿಗಳ ಪರಿಚಯ ಇರಬಹುದು. ಗ್ರಾಮಸಭೆಯ ಠರಾವು ಬರೆಯುವಾಗ ಜೊತೆಗೆ ಕೂತು, ಎರಡನೆಯ ಬ್ಯಾಟರಿಯ ಹಣ ಯಾವ ಖಾತೆಯಲ್ಲಿ ಇರುತ್ತದೆ ಎಂಬ ಸಾಲನ್ನೂ ಅದರಲ್ಲಿ ಸೇರಿಸಿ.